ಹದಿನಾಲ್ಕು ಗ್ರೂಪಿಗೆ ಹೋದ ಬಿ ನೆಗೆಟಿವ್

ಸಾತ್ವಿಕಾ,

ಬಾಯಲ್ಲಿ ಹೇಳಿದರೆ ಫೋನು ನೋಡುತ್ತಲೇ "ಹ್ಞೂಂ" ಅನ್ನುತ್ತೀ. ಅದಕ್ಕೆ ಬರೆದಿಡುತ್ತಿದ್ದೇನೆ.

ಪಕ್ಕದ ಮನೆ ಸಜ್ನಾಳಿಗೆ ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಮೂಡುಬಿದಿರೆಯಲ್ಲಿ ಹೆರಿಗೆಯ ಆಪರೇಷನ್. ಬಿ ನೆಗೆಟಿವ್ ರಕ್ತ ಬೇಕೆಂದು ಅವಳ ಗಂಡ ಫಯಾಝ್ ಗಲ್ಫಿನಿಂದ ಮೆಸೇಜು ಹಾಕಿದ್ದನಂತೆ. ನೀನು ಅದನ್ನು ಹದಿನಾಲ್ಕು ಗ್ರೂಪಿಗೆ ಕಳಿಸಿ, ಕೆಳಗೆ ಅಳುವ ಮುಖ ಅಂಟಿಸಿದ್ದೀಯಂತೆ. ಭಾರೀ ಸಮಾಜಸೇವೆ! ನಿನ್ನದೇ ರಕ್ತ ಬಿ ನೆಗೆಟಿವ್, ಮಾರಾಯ್ತಿ. ಕಾಲೇಜಿನ ಕಾರ್ಡಿನಲ್ಲಿ ಬರೆದುಂಟು. ದಿನಕ್ಕೆ ಸಾವಿರ ಮೆಸೇಜು ತಿಕ್ಕುವವಳಿಗೆ ಒಂದನ್ನಾದರೂ ಓದಬೇಕು ಅಂತ ಇಲ್ಲ.

ಇವತ್ತು ಸಂಜೆ ಸಜ್ನಾಳ ಅತ್ತೆ ಜೈನಬಮ್ಮ ಬೇಲಿಯ ಹತ್ತಿರ ಬಂದು, "ಸಾತ್ವಿಕಾಳದ್ದೂ ಅದೇ ರಕ್ತ ಅಲ್ವಾ? ಸೂಜಿಗೆ ಹೆದರ್ತಾಳಾದ್ರೆ ಬೇಡ" ಅಂದರು. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಗಂಜಿ, ಚಟ್ನಿ ಉಂಟು. ಹೊಟ್ಟೆ ತುಂಬಾ ಉಣ್ಣು, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬಾರದು. ಬಿ.ಸಿ.ರೋಡಿನಿಂದ ಏಳೂವರೆಯ ಬಸ್ಸು ಹಿಡಿ. ಎಬ್ಬಿಸಲು ನಾನಿಲ್ಲ, ಆರಕ್ಕೇ ಗೇರುಬೀಜದ ಫ್ಯಾಕ್ಟರಿಯಲ್ಲಿರುತ್ತೇನೆ. ಸೂಜಿ ಚುಚ್ಚಿಸಿಕೊಂಡ ಫೋಟೋ ಗ್ರೂಪಿಗೆ ಹಾಕಿದೆಯೋ, ಮನೆಗೆ ಬರಬೇಡ.

ಜೈನಬಮ್ಮ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಾರೆ. ನೀನು ಬರುತ್ತೀ ಅಂತ ನಾನು ಮಾತು ಕೊಟ್ಟಾಗಿದೆ.

ಅಮ್ಮ