ಮೂವತ್ತಕ್ಕೆ ನಿಂತ ಬಕೀಟಿನ ವಿಷಯದ ಅರಿಕೆ

ಲಿಟಲ್ ಎಲ್ಮ್
ತಾ. ೧೧ ಫೆಬ್ರುವರಿ ೨೦೧೪, ಮಂಗಳವಾರ

ಆಸ್ಟಿನ್ನಿನಲ್ಲಿ ಗೆಳತಿ ಕುಮುದಾಳ ಮನೆಯಲ್ಲಿ ತಂಗಿರುವ ನನ್ನ ಸೊಸೆ ಚಿ. ಸೌ. ಸೌಂದರ್ಯಾ ಅವರ ಸನ್ನಿಧಿಗೆ, ಅತ್ತೆ ಸುಮಿತ್ರವ್ವ ಬರೆದುಕೊಳ್ಳುವ ಅರಿಕೆ.

ವಿಷಯ: ತಾವು ಮನೆಯಲ್ಲಿ ಇಟ್ಟುಹೋದ ಬಿಯರ್ ಹುದುಗುವುದು ಅರ್ಧಕ್ಕೆ ನಿಂತ ಬಗ್ಗೆ.

ವಿವರಗಳು:

೧. ಸದರಿ ಬಕೀಟು ಐದು ಗ್ಯಾಲನ್ ಅಳತೆಯದು, ಬಿಳಿ ಬಣ್ಣದ್ದು, ಕೆಳಗೆ ನಲ್ಲಿ ಉಳ್ಳದ್ದು. ತಾವು ಹ್ಯೂಸ್ಟನ್ನಿನಿಂದ ತಂದ ಕಿಟ್ಟಿಗೆ ಸೇರಿದ್ದು.

೨. ಜನವರಿ ೨೫ರಂದು ತಾವು ಮಾಲ್ಟಿನ ರಸ ಕುದಿಸಿ, ಆರಿಸಿ, ಈಸ್ಟ್ ಉದುರಿಸಿ, ಮುಚ್ಚಿ, ಅಡಿಗೆಮನೆಯ ದಿನಸಿ ಕೋಣೆಯಾದ ಪ್ಯಾಂಟ್ರಿಯಲ್ಲಿ ಇಟ್ಟದ್ದು. ಅಂದು ರಸದಲ್ಲಿ ತೇಲಿಬಿಟ್ಟ, ಸಿಹಿ ಅಳೆಯುವ ಗಾಜಿನ ಕಡ್ಡಿ ತೋರಿಸಿದ ಅಂಕಿ ೧.೦೫೦.

೩. ಜನವರಿ ೨೭ರಂದು ತಾವು ಮನೆ ಬಿಟ್ಟು ಹೋದದ್ದು. ಹೋಗುವಾಗ ನನ್ನ ಮಗ ಚಿ. ಶಶಿಕಾಂತನಿಗೆ ಹೇಳಿದ ಮಾತು: “ಮೂರು ದಿನ ಅಂಕಿ ಕದಲದಿದ್ರ ತಿಳಸ್ರಿ. ಬಾಟ್ಲಿ ತುಂಬಾಕ ಬರ್ತೀನಿ. ಉಳದದ್ದು ಆಗ ಮಾತಾಡೂಣು.”

೪. ಜನವರಿ ೨೯ರಂದು ಹುದುಗುವ ಗಾಳಿ ಹೊರಬಿಡುವ, ಮುಚ್ಚಳದ ಮೇಲಿನ ನಳಿಗೆಯ ಗುಳುಗುಳು ಸದ್ದು ತಾನಾಗಿ ನಿಂತದ್ದು.

೫. ಆರು ದಿನಗಳಿಂದ ಅಂಕಿ ೧.೦೩೦ರಲ್ಲೇ ಇದ್ದು, ತಮ್ಮ ಚೀಟಿಯಲ್ಲಿ ಬರೆದಂತೆ ೧.೦೧೨ಕ್ಕೆ ಇಳಿಯದೆ ಇರುವುದು.

ಗದಗಿನ ಕಚೇರಿಯ ಎದುರು ಅರ್ಜಿ ಬರೆಯುತ್ತಿದ್ದ ನಮ್ಮ ತಂದೆಯವರ ಮಗ್ಗುಲಲ್ಲಿ ಕುಳಿತು ನಾನು ಹನ್ನೊಂದು ವರ್ಷ ಶುದ್ಧಪ್ರತಿ ತೆಗೆದವಳು. ಬರೆದದ್ದು ತಪ್ಪಾದರೆ ಕೆರೆದು ಅಳಿಸಬಾರದು. ಹಳೆಯ ಅಕ್ಷರ ಓದಲು ಬರುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಹಿ ಮಾಡಬೇಕು ಎಂಬುದು ಅವರ ಕಟ್ಟಪ್ಪಣೆಯಾಗಿತ್ತು. ನಾಲ್ಕನೆಯ ಕಲಮಿನ ‘ತಾನಾಗಿ’ ಎಂಬುದಕ್ಕೆ ಈಗ ಗೆರೆ ಎಳೆದಿದ್ದೇನೆ, ಸಹಿಯೂ ಇದೆ. ಸೌಂದರ್ಯಾ, ಅದನ್ನು ನಿಲ್ಲಿಸಿದವಳು ನಾನು.

ದೇವರ ಜಗಲಿಗೂ ಆ ಬಕೀಟಿಗೂ ನಡುವೆ ಇದ್ದದ್ದು ಒಂದು ತೆಳುವಾದ ಗೋಡೆ. ನಾನು ಲಿಂಗಪೂಜೆಗೆ ಕುಳಿತಾಗಲೆಲ್ಲ ಅದು ಗುಳುಗುಳು ಎನ್ನುವುದು, ನನ್ನ ಜಪದ ಎಣಿಕೆ ತಪ್ಪುವುದು. ನೀನು ಹೋದ ಮರುದಿನ, ಶಶಿಕಾಂತ ಫಾರ್ಮರ್ಸ್ ಬ್ರಾಂಚ್ ಊರಿನ ಆಫೀಸಿಗೆ ಹೋದ ಮೇಲೆ, ಬಕೀಟನ್ನು ಕಾಲೊರಸಿನ ಮೇಲೆ ಕೂರಿಸಿ ಗ್ಯಾರೇಜಿನವರೆಗೆ ಎಳೆದುಕೊಂಡು ಹೋದೆ. ಮೈಲಿಗೆ ಹೊರಗೆ ಹೋಯಿತು ಎಂದು ನೆಮ್ಮದಿಯಿಂದ ಎರಡು ರೊಟ್ಟಿ ಹೆಚ್ಚು ತಿಂದೆ. ಆ ವಾರ ಗ್ಯಾರೇಜಿನಲ್ಲಿ ಕೊಬ್ಬರಿ ಎಣ್ಣೆ ಕಲ್ಲಿನಂತೆ ಹೆಪ್ಪುಗಟ್ಟಿತ್ತು. ಮರುದಿನ ನೋಡಿದಾಗ ಬಕೀಟಿನ ಗುಳುಗುಳು ನಿಂತಿತ್ತು. ಶಶಿಕಾಂತ ಪ್ಯಾಂಟ್ರಿಯ ಬಾಗಿಲು ತೆರೆಯದವನು, ಕಾರನ್ನೂ ಹೊರಗೇ ನಿಲ್ಲಿಸುವವನಾದ್ದರಿಂದ ಅವನ ಕಣ್ಣಿಗೆ ಏನೂ ಬೀಳಲಿಲ್ಲ.

ಅವನ ಕಿವಿಗೆ ಮಾತ್ರ ಬಿತ್ತು. ಆಫೀಸಿನಿಂದ ಬಂದವನೇ ಬೂಟು ಬಿಚ್ಚದೆ ಅಡಿಗೆಮನೆಯಲ್ಲಿ ನಿಂತು ಆಲಿಸುತ್ತಿದ್ದ. “ಯವ್ವಾ, ಗುಳುಗುಳು ಯಾಕ ಕೇಳವಲ್ದು?” ಎಂದ. “ಚಳಿಗೆ ಮೆತ್ತಗಾಗಿರಬೇಕು” ಎಂದೆ. ಅವನು ಅಂದು ರಾತ್ರಿ ಅರ್ಧದಲ್ಲೇ ಊಟ ಬಿಟ್ಟು ಎದ್ದ. ಆ ಸದ್ದು ಅವನಿಗೆ ಏನಾಗಿತ್ತು ಎಂಬುದು ನನಗೆ ಆಗ ತಿಳಿಯಿತು. ಅದು ಮುಗಿದರೆ ನೀನು ಬರುತ್ತೀ, ಮುಗಿಯದಿದ್ದರೆ ಬರಲು ನಿನಗೆ ಕಾರಣವೇ ಇಲ್ಲ.

ಫೆಬ್ರುವರಿ ೪ರಂದು ಪಕ್ಕದ ಬೀದಿಯ ವಿಜಯಾಳನ್ನು ಕರೆದು, ಇಬ್ಬರೂ ಹಿಡಿದು ಮೆಟ್ಟಿಲು ಹತ್ತಿಸಿ, ಬಕೀಟನ್ನು ಮರಳಿ ಪ್ಯಾಂಟ್ರಿಗೆ ತಂದೆವು. ನಾನು ಅದಕ್ಕೆ ಕಂಬಳಿ ಸುತ್ತಿದೆ. ವಿಜಯಾ ಸುಮ್ಮನಿರುವವಳಲ್ಲ. “ಸುಮಿತ್ರವ್ವಾರ, ಬಾಣಂತಿಗೂ ಇಷ್ಟು ಆರೈಕಿ ಮಾಡಿದ್ದು ನಾ ನೋಡಿಲ್ಲ ಬಿಡ್ರಿ” ಎಂದಳು. ಒಂದು ದಿನ ಕಾದೆ. ಸದ್ದಿಲ್ಲ. ಆಗ ಮಾಡಿದ ಕೆಲಸವನ್ನು ಬರೆಯಲು ಕೈ ಹಿಂಜರಿಯುತ್ತಿದೆ. ದೋಸೆ ಹಿಟ್ಟು ಉಬ್ಬದಿದ್ದರೆ ಹಳೆಯ ಹಿಟ್ಟು ಒಂದು ಸೌಟು ಬೆರೆಸುವುದು ನಮ್ಮ ಪದ್ಧತಿ. ಹುದುಗುವುದೆಲ್ಲ ಒಂದೇ ಜಾತಿ ಎಂದು ಬಗೆದು, ಮೂರು ದಿನದ ದೋಸೆ ಹಿಟ್ಟನ್ನು ಒಂದು ಸೌಟು ತುಂಬ ನಿನ್ನ ಬಿಯರಿಗೆ ಹಾಕಿದೆ.

ಆಮೇಲೆ ದಿನಾ ನಲ್ಲಿಯಿಂದ ಲೋಟದಷ್ಟು ರಸ ಹಿಡಿದು, ನಿನ್ನ ಚೀಟಿಯಲ್ಲಿದ್ದಂತೆ ಕಡ್ಡಿ ತೇಲಿಬಿಟ್ಟು ಅಂಕಿ ಬರೆದುಕೊಂಡೆ. ಮೂವತ್ತು. ಮೂವತ್ತು. ಮೂವತ್ತು.

ಮೂರನೆಯ ಮೂವತ್ತು ಬಂದ ದಿನ ನನಗೊಂದು ಯುಕ್ತಿ ಹೊಳೆಯಿತು. ‘ಮೂರು ದಿನಗಳಿಂದ ಅಂಕಿ ಕದಲಿಲ್ಲ, ನೀನು ಹೇಳಿದಂತೆ ತಿಳಿಸುತ್ತಿದ್ದೇವೆ, ಬರಬೇಕು’ ಎಂದು ನಿನಗೆ ಒಂದು ಪತ್ರ ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸುಳ್ಳಿಲ್ಲದೆ ಸತ್ಯ ಮರೆಮಾಡುವ ಆ ವಿದ್ಯೆಯನ್ನು ನಾನು ಹನ್ನೊಂದು ವರ್ಷ ಕೈಯಾರೆ ಕಲಿತಿದ್ದೇನೆ. ಲಕೋಟೆಗೆ ಅಂಚೆ ಚೀಟಿಯನ್ನೂ ಹಚ್ಚಿದ್ದೆ.

ನಿನ್ನೆ ವಿಜಯಾ ಕಿಟ್ಟಿನ ಸಾಮಾನು ಮಾರುವ ಅಂಗಡಿಗೆ ಕರೆದೊಯ್ದಳು. ನನ್ನ ಮಾತನ್ನು ಅವಳೇ ಇಂಗ್ಲಿಷಿನಲ್ಲಿ ಹೇಳಿದಳು. ಗ್ಯಾರೇಜಿನ ಚಳಿಯವರೆಗೆ ಅಂಗಡಿಯವನು ತಲೆಯಾಡಿಸುತ್ತ ಕೇಳಿದ. ದೋಸೆ ಹಿಟ್ಟು ಎಂದಾಗ ಕನ್ನಡಕ ತೆಗೆದು ಒರೆಸಿಕೊಂಡ. ನಿಂತದ್ದು ಬೇರೆ, ಮುಗಿದದ್ದು ಬೇರೆ ಎಂದು ಅವನು ವಿವರಿಸಿದ. ಈಸ್ಟ್ ಚಳಿಗೆ ಮಲಗಿಬಿಟ್ಟಿದೆಯಂತೆ. ಸಕ್ಕರೆ ಇನ್ನೂ ಹಾಗೇ ಇದೆಯಂತೆ. ಈ ಸ್ಥಿತಿಯಲ್ಲಿ ಬಾಟಲಿಗೆ ತುಂಬಿದರೆ ಅದು ಒಳಗೇ ಎಚ್ಚೆತ್ತು, ಬಾಟಲಿ ಹಿಡಿದವರ ಕೈಯಲ್ಲೇ ಒಡೆಯಬಹುದಂತೆ. ಮನೆಗೆ ಬಂದು ಆ ಪತ್ರವನ್ನು ಹರಿದೆ. ಅದನ್ನು ನಂಬಿ ಬಂದು ಬಾಟಲಿ ತುಂಬುತ್ತಿದ್ದದ್ದು ನೀನು.

ಹೊಸ ಈಸ್ಟನ್ನು ಬೆಚ್ಚನೆಯ ನೀರಿನಲ್ಲಿ ಎಬ್ಬಿಸಿ ಹಾಕಿದರೆ ಬದುಕಿದರೂ ಬದುಕೀತು, ಹಿಟ್ಟಿನಿಂದ ಹುಳಿಯಾದರೂ ಆದೀತು, ಖಾತ್ರಿ ಕೊಡಲಾರೆ ಎಂದು ಅಂಗಡಿಯವನು ಹೇಳಿದ. ಒಂದು ಪೊಟ್ಟಣ ಕೊಟ್ಟ. ಬೆಳಿಗ್ಗೆಯಿಂದ ನಾಲ್ಕು ಸಲ ಕತ್ತರಿ ಕೈಗೆ ತೆಗೆದುಕೊಂಡು ನಾಲ್ಕು ಸಲವೂ ಕೆಳಗಿಟ್ಟೆ. ಬೆಚ್ಚಗೆ ಎಂದರೆ ಎಷ್ಟು ಬೆಚ್ಚಗೆ? ಎಚ್ಚರಾದದ್ದು ಹೇಗೆ ತಿಳಿಯುತ್ತದೆ? ಕೇಳಲು ಮನೆಯಲ್ಲಿ ನೀನಿಲ್ಲ. ಈ ಮನೆಯಲ್ಲಿ ನಾನು ಇಷ್ಟು ನಿರುಪಾಯಳಾಗಿ ಎಂದೂ ನಿಂತಿರಲಿಲ್ಲ.

ಇನ್ನು ಇಪ್ಪತ್ತಾರರ ಭಾನುವಾರದ ಊಟದ ಮಾತು. ಬಂದವರ ಎದುರು ನಾನು, “ನಮ್ಮ ಮನಿತನದಾಗ ಇಲ್ಲೀತನಕ ಯಾರೂ ಭಟ್ಟಿ ಇಟ್ಟಿದ್ದಿಲ್ಲ, ನಮ್ಮ ಸೊಸಿ ಆ ಕೊರತಿ ನೀಗಿಸಿದ್ಲು” ಎಂದೆ. ಎಲ್ಲರೂ ನಕ್ಕರು. ನೀನು ಬಡಿಸುವ ಸೌಟು ಹಿಡಿದುಕೊಂಡೇ, “ಅತ್ತಿ, ಇದು ನನ್ನ ಮನೀನೂ ಹೌದಲ್ರಿ?” ಎಂದು ಕೇಳಿದೆ. ನಾನು ಮಜ್ಜಿಗೆ ಬೇಡಿದೆ. ನಿನ್ನ ಗಂಡ ತಟ್ಟೆ ನೋಡಿಕೊಂಡು ಕುಳಿತ. ನೀನು ಹೊರಟದ್ದು ಬಿಯರಿನ ಮಾತಿಗಲ್ಲ, ಆ ಮಜ್ಜಿಗೆಗೆ ಎಂದು ನನಗೆ ಗೊತ್ತು.

ಅಂದು ಕೇಳಿದ ಪ್ರಶ್ನೆಗೆ ಉತ್ತರ: ಹೌದು.

ಪ್ರಾರ್ಥನೆ ಎಂಬ ಕೊನೆಯ ಕಲಮನ್ನು ನಾನು ಎಷ್ಟು ಜನರಿಗಾಗಿ ನಕಲು ಮಾಡಿದ್ದೇನೋ ಲೆಕ್ಕವಿಲ್ಲ. ನನಗಾಗಿ ಬರೆದದ್ದು ಇದೇ ಮೊದಲು. ಬಕೀಟು ಮುಗಿದಿಲ್ಲ. ಮುಗಿಯುವುದೋ ಇಲ್ಲವೋ ನನಗೆ ಹೇಳಲು ಬರುವುದಿಲ್ಲ. ಮುಗಿಯುವ ಮೊದಲೇ ಬರಬೇಕು. ಬಂದು, ಎಬ್ಬಿಸಬೇಕೆನಿಸಿದರೆ ಎಬ್ಬಿಸು, ಚೆಲ್ಲಬೇಕೆನಿಸಿದರೆ ಚೆಲ್ಲು. ಚೆಲ್ಲುವುದಾದರೆ ಬಕೀಟಿನ ಇನ್ನೊಂದು ಕಡೆ ನಾನು ಹಿಡಿಯುತ್ತೇನೆ. ಬರಲು ಮನಸ್ಸಿಲ್ಲದಿದ್ದರೆ ಹಾಗೆಂದು ಶಶಿಕಾಂತನಿಗೆ ತಿಳಿಸು. ಅವನು ಈಗಲೂ ಅಡಿಗೆಮನೆಯಲ್ಲಿ ನಿಂತು ಆಲಿಸುತ್ತಾನೆ, ನನಗೆ ನೋಡಲಾಗದು.

ಇಂತು ಅರಿಕೆ ಮಾಡಿಕೊಂಡ,
ನಿನ್ನ ಅತ್ತೆ
(ಸಹಿ) ಸುಮಿತ್ರವ್ವ

ವಿ.ಸೂ.: ಲಕೋಟೆ ಮುಚ್ಚುವ ಮೊದಲು ಆ ರಸವನ್ನು ಬಾಯಿಗೆ ಹಾಕಿಕೊಂಡೆ. ಅರವತ್ತೆಂಟು ವರ್ಷಕ್ಕೆ ಮೊದಲ ಸಲ. ಸಿಹಿ ಇನ್ನೂ ಇದೆ. ಅದರ ಬೆನ್ನಿಗೇ ನನ್ನ ಹಿಟ್ಟಿನ ಹುಳಿ. ಸರಿಯಾಗಿ ತಿಳಿಯಲೆಂದು ಎರಡನೆಯ ಗುಟುಕನ್ನೂ ಕುಡಿದೆ. ಶಶಿಕಾಂತನಿಗೆ ಹೇಳಬೇಡ.

ಲಗತ್ತು: ಈಸ್ಟ್ ಪೊಟ್ಟಣ, ಒಂದು. ಒಡೆದಿಲ್ಲ.