ಸುಮಾರು ಎಷ್ಟು

ಜುಲೈ 8
ಮೂರನೇ ಪೀರಿಯಡ್, ಐದನೇ ಎ. ಭಾಗಿಸು, ಗುಣಿಸು, ಕಳೆ, ಇಳಿಸು — ಹತ್ತೊಂಬತ್ತು ವರ್ಷದಿಂದ ಇದೇ ಪಾಠ. ಪಕ್ಕದ ಬಿ ಸೆಕ್ಷನ್‌ನಿಂದ ಗಲಾಟೆ. ಹೊಸ ಟೀಚರ್. ಬಂದು ತಿಂಗಳಾಗಿಲ್ಲ. ಪೆನ್ಸಿಲ್ ಮುಟ್ಟಲು ಬಿಡುವುದಿಲ್ಲವಂತೆ. "ಮೊದ್ಲು ಸುಮಾರು ಎಷ್ಟು ಬರುತ್ತೆ ಹೇಳಿ, ಲೆಕ್ಕ ಆಮೇಲೆ" ಅನ್ನುತ್ತಾಳಂತೆ. ಅಂದಾಜು ಹೇಳುವುದೂ ಒಂದು ಪಾಠವೇ?

ಜುಲೈ 11
ಮಗಳು ಬಿ ಸೆಕ್ಷನ್. ನನ್ನ ಕ್ಲಾಸು ಬೇಡವೆಂದು ನಾನೇ ಅಲ್ಲಿಗೆ ಹಾಕಿಸಿದ್ದು. ಊಟದ ನಡುವೆ ಹೇಳಿದಳು, "ಅಮ್ಮಾ, 358ನ್ನ 6ರಿಂದ ಭಾಗಿಸಿದ್ರೆ ಸುಮಾರು ಅರವತ್ತು. 360 ಅಂದ್ಕೊಂಡೆ."
ಹೋದ ವರ್ಷ ಭಾಗಾಕಾರ ಎಂದರೆ ಅಳುತ್ತಿದ್ದವಳು. ನಾನು ಎಷ್ಟು ಹೇಳಿಕೊಟ್ಟರೂ ತಲೆಗೆ ಹತ್ತಿರಲಿಲ್ಲ.
"ಯಾರು ಹೇಳ್ಕೊಟ್ಟಿದ್ದು?" ಗೊತ್ತಿದ್ದೂ ಕೇಳಿದೆ.
"ನಮ್ ಮಿಸ್."
ಅರ್ಧ ಊಟಕ್ಕೇ ಕೈ ತೊಳೆದೆ.

ಜುಲೈ 25, ಸ್ಟಾಫ್ ರೂಮ್
ಎರಡೂ ಸೆಕ್ಷನ್‌ಗೆ ಟೆಸ್ಟ್ ಪೇಪರ್ ನನ್ನದೇ. ಕೊನೆಗೊಂದು ಸಾಲು ಸೇರಿಸಿದೆ: ಎಲ್ಲ ಹಂತ ಬರೆಯದಿದ್ದರೆ ಅಂಕವಿಲ್ಲ. ಹೊಟ್ಟೆಕಿಚ್ಚಲ್ಲ, ನಿಯಮ... ಹೊಟ್ಟೆಕಿಚ್ಚೇ. ಇಲ್ಲಿ ಯಾರು ಓದುತ್ತಾರೆ.

ಆಗಸ್ಟ್ 1
ತಿದ್ದಿ ಮುಗಿಯಿತು. ಬಿ ಸೆಕ್ಷನ್‌ನಲ್ಲಿ ಹನ್ನೊಂದು ಮಕ್ಕಳಿಗೆ ಸೊನ್ನೆ. ಉತ್ತರ ಸರಿ, ಹಂತಗಳಿಲ್ಲ. ಮಗಳಿಗೂ ಸೊನ್ನೆ.
ಆಮೇಲೆ ನನ್ನ ಎ ಸೆಕ್ಷನ್ ಮಕ್ಕಳ ಪೇಪರ್. 612 ಭಾಗಿಸು 6. ಹಂತಗಳು ಮುತ್ತು ಪೋಣಿಸಿದ ಹಾಗೆ. ಉತ್ತರ 12. ಒಬ್ಬರಲ್ಲ, ಹದಿನಾಲ್ಕು ಮಕ್ಕಳು. ನಡುವಿನ ಸೊನ್ನೆ ನುಂಗಿ, ಅಚ್ಚುಕಟ್ಟಾಗಿ ಅಡಿಗೆರೆ ಎಳೆದಿದ್ದಾರೆ. ಆರುನೂರನ್ನು ಆರು ಪಾಲು ಮಾಡಿದರೆ ಬರೀ ಹನ್ನೆರಡೇ? ಒಬ್ಬರಿಗೂ ಅನುಮಾನ ಬಂದಿಲ್ಲ.

ಆಗಸ್ಟ್ 2
"ನನ್ ಉತ್ತರ ತಪ್ಪಾ, ಅಮ್ಮಾ?"
"ಹಂತ ಬರೆದಿಲ್ಲ ನೀನು."
"ಉತ್ತರ ತಪ್ಪಾ?"
ಪಾತ್ರೆ ತೊಳೆಯಲು ಎದ್ದೆ.

ಆಗಸ್ಟ್ 9
ಬಿ ಸೆಕ್ಷನ್ ಟೀಚರ್ ತಾನೇ ಬಂದಳು. ಜಗಳಕ್ಕೆ ಸಿದ್ಧಳಾಗಿದ್ದೆ.
"ಅಕ್ಕಾ, ನಮ್ಮವ್ರಿಗೆ ನೀಟಾಗಿ ಬರೆಯೋಕೇ ಬರಲ್ಲ. ನಿಮ್ ಮಕ್ಕಳ ಪೇಪರ್ ನೋಡಿ ನಾಚಿಕೆ ಆಯ್ತು. ಒಂದು ವಾರ ಕ್ಲಾಸ್ ಬದಲಾಯಿಸ್ಕೊಳ್ಳೋಣ್ವಾ?"
ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳಲೂ ಬಿಡುವುದಿಲ್ಲ ಈ ಹುಡುಗಿ. ಹೂಂ ಅಂದೆ. ಅವಳು ಹೋದ ಮೇಲೆ ಹನ್ನೊಂದೂ ಸೊನ್ನೆ ಹೊಡೆದುಹಾಕಿ ಅಂಕ ಕೊಟ್ಟೆ.

ಆಗಸ್ಟ್ 12
ಬಿ ಸೆಕ್ಷನ್. ಬೋರ್ಡಿನ ಮೇಲೆ 823 ಭಾಗಿಸು 4. ಕೈಗಳೆಲ್ಲ ಎದ್ದವು, ಮಗಳದೊಂದು ಬಿಟ್ಟು.
"ಅವತ್ತು ನಿನ್ ಉತ್ತರ ಸರಿ ಇತ್ತು. ತಪ್ಪು ನಂದು" ಎಂದೆ. ಎಲ್ಲರ ಎದುರಿಗೇ.
ಮಗಳು ಎದ್ದು ನಿಂತಳು. "ಇನ್ನೂರಕ್ಕಿಂತ ಸ್ವಲ್ಪ ಜಾಸ್ತಿ. ಯಾಕಂದ್ರೆ..."
ವಿವರಿಸುವಾಗ ಕೈ ಆಡಿಸುವುದೂ ಥೇಟ್ ಆ ಟೀಚರ್ ಹಾಗೆಯೇ. ಒಳಗೆ ಉರಿಯಿತು. ನಡುವೆ ಬಾಯಿ ಹಾಕಲಿಲ್ಲ. ಕೊನೆಯ ಬೆಂಚಿನಲ್ಲಿ ಜಾಗವಿತ್ತು, ಹೋಗಿ ಕುಳಿತೆ, ಅವಳು ಹೇಳಿ ಮುಗಿಸುವವರೆಗೆ ಕೇಳಿದೆ.