ಮಾತಾಡುವ ಭೂತವನ್ನು ತೆಗೆಯುವ ಮುಂಚೆ

ಗುಬ್ಬೀ,

ಹಡಗಿನ ಕೆಲಸಕ್ಕೆ ಹೊರಟೆ. ನಿನ್ನನ್ನು ಎಬ್ಬಿಸಿದರೆ ನನ್ನ ಕಾಲು ಏಳುವುದಿಲ್ಲ, ಅದಕ್ಕೇ ಈ ಚೀಟಿ.

"ನಿನ್ನ ಮಾತಾಡೋ ಭೂತ ತೆಗೆದು ಹೋಗೇ ಅಕ್ಕಾ, ನನ್ನ ಚಿತ್ರಗಳಿಗೆ ಜಾಗವೇ ಇಲ್ಲ" ಎಂದೆಯಲ್ಲ, ಬರೆದದ್ದನ್ನು ದನಿಯಲ್ಲಿ ಓದಿ ಹೇಳುವ ಆ ಸಾಫ್ಟ್‌ವೇರ್ ಲೈಬ್ರರಿ ತೆಗೆಯೋಣವೆಂದು ಕಂಪ್ಯೂಟರ್ ಮುಂದೆ ಕೂತೆ. ಕೈ ಬರಲಿಲ್ಲ. ನೀನೇ ತೆಗೆ.

ಸಿಟ್ಟಿನಲ್ಲಿ ಫೋಲ್ಡರನ್ನೇ ಅಳಿಸಬೇಡ. ಸಾಫ್ಟ್‌ವೇರ್ ಹಾಕುವ, ತೆಗೆಯುವ ಲೆಕ್ಕವನ್ನೆಲ್ಲ ಇಡುವ ಪ್ಯಾಕೇಜ್ ಮ್ಯಾನೇಜರ್ ಹಾಕಿದ್ದನ್ನು ಅದರ ಕೈಯಿಂದಲೇ ತೆಗೆಸಬೇಕು. ಇಲ್ಲದಿದ್ದರೆ ಅದು, ಲೈಬ್ರರಿ ಇನ್ನೂ ಮನೆಯಲ್ಲೇ ಇದೆಯೆಂದು ನಂಬಿಕೊಂಡಿರುತ್ತದೆ, ಪಾಪ. ಜೊತೆಗೆ ಏನೇನು ಹೋಗುತ್ತದೆಂದು ಅದು ತೋರಿಸಿ ಕೇಳುತ್ತದೆ. ಅಮ್ಮನ ಮಾತಿಗೆ ಹೂಂಗುಟ್ಟಿದ ಹಾಗೆ ಓದದೆ ಹೂಂ ಅನ್ನಬೇಡ.

ರಿಮೂವ್ ಕೊಡು. ಪರ್ಜ್ ಬೇಡವೇ ಬೇಡ. ಪರ್ಜ್ ಎಂದರೆ ಸೆಟ್ಟಿಂಗೂ ಪರಾರಿ. ಭೂತದ ಬಾಯಿಂದ ಸೋದರತ್ತೆಯ ಮೂಗಿನ ದನಿಯಲ್ಲಿ "ಏ ಗುಬ್ಬೀ, ಬೆನ್ನು ನೆಟ್ಟಗೆ ಮಾಡೇ!" ಅನ್ನಿಸಲು ನಾನು ಪಟ್ಟ ಪಾಡೆಲ್ಲ ಇರುವುದು ಅದರಲ್ಲೇ. ಅದು ಹಿಡಿಯುವ ಜಾಗ ಚಿಟಿಕೆಯಷ್ಟು. ಅದೊಂದು ಉಳಿದರೆ ಲೈಬ್ರರಿ ಮತ್ತೆ ಹಾಕಿದ ದಿನ ಮೊದಲಿನ ದನಿಯೇ ಬರುತ್ತದೆ.

ಕೋಣೆಯೂ ಇನ್ನು ನಿನ್ನದೇ. ಕಿಟಕಿ ಪಕ್ಕದ ನನ್ನ ಮಂಚ ಎತ್ತಿ ನಿನ್ನ ಬಣ್ಣದ ಮೇಜು ಹಾಕಿಕೋ, ಬೇಜಾರಿಲ್ಲ. ನಾನು ಚೀಲ ನೇತುಹಾಕುವ ಮೊಳೆಯನ್ನು ಮಾತ್ರ ಕೀಳಬೇಡ. ಬಂದವಳು ಕತ್ತಲಲ್ಲೂ ಅದನ್ನೇ ತಡಕುತ್ತೇನೆ.

ಮತ್ತೆ, ಬೆನ್ನು ನೆಟ್ಟಗೆ ಮಾಡೇ. ನಾಳೆಯಿಂದ ಹೇಳಲು ಭೂತವೂ ಇಲ್ಲ, ನಾನೂ ಇಲ್ಲ.

ಅಕ್ಕ